4294967297 ಎಂಬ ಸಂಖ್ಯೆ

ಮೇಲಿನ ಸಂಖ್ಯೆಯನ್ನು ಒಂದೇ ಉಸಿರಿಗೆ ಓದಿ ನೋಡೋಣ. ನಾನೂರ ಇಪ್ಪತ್ತೊಂಬತ್ತು ಕೋಟಿ, ನಲವತ್ತೊಂಬತ್ತು ಲಕ್ಷ, ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೇಳು! ಇದು ಅವಿಭಾಜ್ಯವೋ ಅಲ್ಲವೋ ಎಂಬ ಪ್ರಶ್ನೆ 92 ವರ್ಷ ಹಾಗೇ ಉಳಿದಿತ್ತು.

ಈ ಸಂಖ್ಯೆ ಹುಟ್ಟುವ ರೀತಿ ಬಹಳ ಸುಲಭ. 2ನ್ನು 2ರಿಂದಲೇ ಗುಣಿಸಿದರೆ 4. 4ನ್ನು 4ರಿಂದ ಗುಣಿಸಿದರೆ 16. ಹೀಗೇ ಬಂದದ್ದನ್ನು ಅದರಿಂದಲೇ ಗುಣಿಸುತ್ತಾ ಹೋದರೆ 256, ಆಮೇಲೆ 65536, ಆಮೇಲೆ 4294967296. ಈಗ ಪ್ರತಿಯೊಂದಕ್ಕೂ 1 ಕೂಡಿಸಿ. 3, 5, 17, 257, 65537 ಬರುತ್ತವೆ. ಈ ಐದೂ ಅವಿಭಾಜ್ಯ ಸಂಖ್ಯೆಗಳು. ಆರನೆಯದೇ ನಮ್ಮ ಸಂಖ್ಯೆ.

ಫ್ರಾನ್ಸ್ ದೇಶದಲ್ಲಿ ಫರ್ಮಾ ಎಂಬ ಗಣಿತಜ್ಞರಿದ್ದರು. ಅವರ ಕೆಲಸ ನ್ಯಾಯಾಲಯದಲ್ಲಿ, ಗಣಿತ ಬಿಡುವಿನ ವೇಳೆಯಲ್ಲಿ. ಹೀಗೆ ಬರುವ ಎಲ್ಲಾ ಸಂಖ್ಯೆಗಳೂ ಅವಿಭಾಜ್ಯವೇ ಇರಬೇಕು ಎಂದು 1640ರಲ್ಲಿ ಅವರು ಪತ್ರದಲ್ಲಿ ಬರೆದರು. ಸಾಧನೆ ಮಾತ್ರ ಕೊಡಲಿಲ್ಲ. ಐದು ಸರಿ ಇದ್ದ ಮೇಲೆ ಆರನೆಯದೂ ಸರಿ ಅಂತ ಯಾರಿಗಾದರೂ ಅನ್ನಿಸುತ್ತೆ, ಅಲ್ವಾ?

ನಾನೂ ನಮಗೆ ಗೊತ್ತಿರುವ ನಿಯಮ ಹಾಕಿ ನೋಡಿದೆ. ಕೊನೆಯ ಅಂಕಿ 7, ಆದ್ದರಿಂದ 2 ಮತ್ತು 5ರಿಂದ ಹೋಗಲ್ಲ. ಅಂಕಿಗಳ ಮೊತ್ತ 59, ಅಂದರೆ 3ರಿಂದಲೂ ಹೋಗಲ್ಲ. ಮುಂದೆ? 65536ರ ಒಳಗೆ 6542 ಅವಿಭಾಜ್ಯ ಸಂಖ್ಯೆಗಳಿವೆ. ಒಂದೊಂದರಿಂದಲೂ ಭಾಗಿಸುತ್ತಾ ಕೂತರೆ ಪರೀಕ್ಷೆ ಮುಗಿದು ರಜೆಯೂ ಮುಗಿದಿರುತ್ತೆ.

1732ರಲ್ಲಿ ಆಯ್ಲರ್ ಎಂಬುವರು ಇದನ್ನು 641 ಭಾಗಿಸುತ್ತದೆ ಎಂದು ತೋರಿಸಿದರು. ಆಗ ಅವರ ವಯಸ್ಸು ಬರೀ 25. ಇದನ್ನು ಭಾಗಿಸುವ ಅವಿಭಾಜ್ಯ ಸಂಖ್ಯೆಯಲ್ಲಿ 1 ಕಳೆದರೆ 64ರ ಮಗ್ಗಿಯಲ್ಲಿ ಬರಲೇಬೇಕು ಎಂದು ನಂತರ ಅವರೇ ಸಾಧಿಸಿದರು. ಆಗ ಉಳಿಯುವುದು 193, 257, 449, 577, 641. ಐದನೆಯದಕ್ಕೇ ಸಿಕ್ಕಿತು!

ದೊಡ್ಡ ಭಾಗಾಕಾರ ಮಾಡದೆಯೂ ಇದನ್ನು ನೋಡಬಹುದು. ಎರಡು ಸಂಖ್ಯೆ ಗುಣಿಸಿ ಶೇಷ ಹುಡುಕುವ ಬದಲು, ಅವುಗಳ ಶೇಷಗಳನ್ನೇ ಗುಣಿಸಿದರೆ ಸಾಕು. 10ನ್ನು 7ರಿಂದ ಭಾಗಿಸಿದರೆ ಶೇಷ 3. 3×3=9, ಅದರ ಶೇಷ 2. 100ನ್ನು 7ರಿಂದ ಭಾಗಿಸಿ, ಅಲ್ಲೂ 2 ಉಳಿಯುತ್ತೆ. ಈಗ 65536ನ್ನು 641ರಿಂದ ಭಾಗಿಸಿ. 641×102=65382, ಶೇಷ 154. 154×154=23716. ಇದರಿಂದ 641×36, ಅಂದರೆ 23076 ಕಳೆದರೆ 640. ಅಂದರೆ 4294967296ರ ಶೇಷ 640. ನಮ್ಮ ಸಂಖ್ಯೆ ಅದಕ್ಕಿಂತ 1 ಜಾಸ್ತಿ. 640ಕ್ಕೆ 1 ಸೇರಿದರೆ 641, ಶೇಷ ಸೊನ್ನೆ! ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಈ ಜಾಗವೇ.

ಏಳನೆಯ ಸಂಖ್ಯೆ 18446744073709551617. ಅದನ್ನು 274177 ಭಾಗಿಸುತ್ತದೆ ಎಂದು 1880ರಲ್ಲಿ ಲಾಂದ್ರಿ ಎಂಬುವರು ಕಂಡುಹಿಡಿದರು. 65537 ಆದ ಮೇಲೆ ಈ ಸಾಲಿನಲ್ಲಿ ಒಂದೇ ಒಂದು ಅವಿಭಾಜ್ಯ ಸಂಖ್ಯೆಯೂ ಇವತ್ತಿನವರೆಗೆ ಸಿಕ್ಕಿಲ್ಲ. ಕಂಪ್ಯೂಟರ್‌ನಲ್ಲಿ ಹುಡುಕಿದರೂ ಸಿಕ್ಕಿಲ್ಲ.

ಕೆಳಗೆ ಖಾಲಿ ಜಾಗ ಬಿಟ್ಟಿದ್ದೇನೆ. 641×6700417 ಎಷ್ಟು ಅಂತ ಅಲ್ಲೇ ಗುಣಿಸಿ. ದಯವಿಟ್ಟು ಪೆನ್ಸಿಲ್‌ನಲ್ಲೇ ಬರೆಯಿರಿ, ಬೇರೆಯವರಿಗೂ ಜಾಗ ಬೇಕು.