ಹಳೆಯ ಕಾಲು, ಹೊಸ ಭಾಷೆ: ಅನುಭವಿ ರಿಸೀವರ್ ಹೊಸ ತಂಡಕ್ಕೆ ಒಗ್ಗುವ ಬಗೆ

ಒಂದೇ ತಂಡ, ಒಬ್ಬನೇ ಕ್ವಾರ್ಟರ್‌ಬ್ಯಾಕ್, ಒಬ್ಬರೇ ಮುಖ್ಯ ತರಬೇತುದಾರ. ಆದರೂ ಹೊರಗಿನಿಂದ ಬಂದ ಇಬ್ಬರು ಖ್ಯಾತ ಆಟಗಾರರ ಪೈಕಿ ಒಬ್ಬರು ದಾಖಲೆ ಬರೆದರು, ಇನ್ನೊಬ್ಬರು ಇದ್ದೂ ಇಲ್ಲದಂತಾದರು. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡದಲ್ಲಿ ನಡೆದ ಸಂಗತಿ ಇದು.

2007ರ ಏಪ್ರಿಲ್‌ನಲ್ಲಿ ಓಕ್ಲೆಂಡ್ ರೈಡರ್ಸ್ ತಂಡದಿಂದ ರ‍್ಯಾಂಡಿ ಮಾಸ್ ಪೇಟ್ರಿಯಟ್ಸ್‌ಗೆ ಬಂದಾಗ ಅವರಿಗೆ 30 ವರ್ಷ. ಹಿಂದಿನ ಋತುವಿನಲ್ಲಿ ಅವರು ಹಿಡಿದದ್ದು ಕೇವಲ 42 ಚೆಂಡು. ಮಾಸ್ ಕಾಲ ಮುಗಿಯಿತು ಎಂದವರೇ ಹೆಚ್ಚು. ಆದರೆ ಆ ವರ್ಷ ಅವರು 98 ಚೆಂಡು ಹಿಡಿದು, 1,493 ಗಜ ಸಾಗಿ, 23 ಟಚ್‌ಡೌನ್ ಗಳಿಸಿದರು. ಜೆರ‍್ರಿ ರೈಸ್ 1987ರಲ್ಲಿ ಬರೆದಿದ್ದ 22 ಟಚ್‌ಡೌನ್‌ಗಳ ದಾಖಲೆ ಮುರಿದುಬಿತ್ತು.

ನಾಲ್ಕು ವರ್ಷಗಳ ನಂತರ, 2011ರ ಜುಲೈನಲ್ಲಿ, ಸಿನ್ಸಿನಾಟಿ ಬೆಂಗಾಲ್ಸ್‌ನಲ್ಲಿ ಹತ್ತು ಋತು ಆಡಿದ್ದ ಚಾಡ್ ಓಚೊಸಿಂಕೊ ಅದೇ ತಂಡಕ್ಕೆ ಬಂದರು. ಆರು ಬಾರಿ ಪ್ರೊ ಬೌಲ್ ಗೌರವ ಪಡೆದವರು ಅವರು. ಚೆಂಡು ಎಸೆಯುವವರು ಅದೇ ಟಾಮ್ ಬ್ರೇಡಿ, ತರಬೇತುದಾರರು ಅದೇ ಬಿಲ್ ಬೆಲಿಚಿಕ್. ಬ್ರೇಡಿ ಆ ಋತುವಿನಲ್ಲಿ 5,235 ಗಜಗಳಷ್ಟು ಎಸೆದರು. ಅದರಲ್ಲಿ ಓಚೊಸಿಂಕೊ ಪಾಲಿಗೆ ಬಂದದ್ದು 15 ಚೆಂಡು, 276 ಗಜ, ಒಂದು ಟಚ್‌ಡೌನ್. ಏಕೆ ಹೀಗಾಯಿತು?

ವಯಸ್ಸು ಎಂದು ಹೇಳಿಬಿಡುವುದು ಸುಲಭ. ಆದರೆ ಅನುಭವಿ ರಿಸೀವರ್ ಹೊಸ ತಂಡದಲ್ಲಿ ಎಡವುವುದು ಕಾಲು ಸೋತದ್ದರಿಂದ ಮಾತ್ರವಲ್ಲ. ಅನೇಕ ವೇಳೆ ಅವನನ್ನು ಎಡವಿಸುವುದು ಅವನ ನೆನಪು.

ಆಟದ ಕಿರುಪರಿಚಯ

ನಾವು ಫುಟ್‌ಬಾಲ್ ಎನ್ನುವ ಆಟವೇ ಬೇರೆ, ಅಮೆರಿಕನ್ನರು ಅದೇ ಹೆಸರಿಟ್ಟು ಆಡುವ ಆಟವೇ ಬೇರೆ. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗಿ ಭಾನುವಾರ ಟೀವಿಯ ಮುಂದೆ ಕುಳಿತ ಕನ್ನಡಿಗರಿಗೆ ಈ ಗೊಂದಲ ಹೊಸದೇನಲ್ಲ. ಎರಡೂ ಕಡೆ ತಲಾ 11 ಆಟಗಾರರು. ಚೆಂಡು ಹೊಂದಿರುವ ತಂಡ ನಾಲ್ಕು ಯತ್ನಗಳಲ್ಲಿ 10 ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಯತ್ನ ಸಿಗುತ್ತವೆ, ಇಲ್ಲವಾದರೆ ಚೆಂಡು ಎದುರಾಳಿಗೆ. ಪ್ರತಿ ಯತ್ನಕ್ಕೂ ಮೊದಲೇ ರೂಪಿಸಿದ ಯೋಜನೆ ಇರುತ್ತದೆ. ಇಂಥ ನೂರಾರು ಯೋಜನೆಗಳ ಸಂಗ್ರಹವೇ ಪ್ಲೇಬುಕ್.

ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಗೊತ್ತುಪಡಿಸಿದ ಹಾದಿಯಲ್ಲಿ ಓಡಿ ಅದನ್ನು ಹಿಡಿಯುವವನು ರಿಸೀವರ್. ಆ ಹಾದಿಗೆ ರೂಟ್ ಎಂದು ಹೆಸರು. ಎದುರಾಳಿಗಳು ಮೈಮೇಲೆ ಬೀಳುವ ಮುನ್ನ ಕ್ವಾರ್ಟರ್‌ಬ್ಯಾಕ್‌ಗೆ ಸಿಗುವುದು ಎರಡೂವರೆ, ಹೆಚ್ಚೆಂದರೆ ಮೂರು ಸೆಕೆಂಡು. ಹೀಗಾಗಿ ರಿಸೀವರ್ ತಿರುಗಿ ನೋಡುವ ಮುನ್ನವೇ ಚೆಂಡು ಎಷ್ಟೋ ಬಾರಿ ಗಾಳಿಯಲ್ಲಿರುತ್ತದೆ. ಆಟಗಾರ ಬಂದು ಸೇರಲಿರುವ ಜಾಗಕ್ಕೆ ಅದನ್ನು ಎಸೆಯಲಾಗುತ್ತದೆ. ಒಬ್ಬ ಹಿಂದಕ್ಕೆ ಇಡುವ ಹೆಜ್ಜೆಗೂ ಇನ್ನೊಬ್ಬ ಮುಂದಕ್ಕೆ ಇಡುವ ಹೆಜ್ಜೆಗೂ ತಾಳ ಕೂಡಲೇಬೇಕು.

ಮೂರು ಮನೆತನ, ಮೂರು ಭಾಷೆ

ಎನ್‌ಎಫ್‌ಎಲ್ ತಂಡಗಳ ಆಕ್ರಮಣ ಪದ್ಧತಿಗಳ ಬೇರುಗಳನ್ನು ಹುಡುಕಿದರೆ ಮುಖ್ಯವಾಗಿ ಮೂರು ಮನೆತನಗಳು ಕಾಣುತ್ತವೆ.

ಸ್ಯಾನ್ ಡಿಯೇಗೊ ಚಾರ್ಜರ್ಸ್‌ನ ತರಬೇತುದಾರರಾಗಿದ್ದ ಡಾನ್ ಕೊರಿಯೆಲ್ ಅವರ ಹೆಸರಿನ ಪದ್ಧತಿಯಲ್ಲಿ ರೂಟ್‌ಗಳಿಗೆ ಅಂಕಿಗಳಿವೆ. 2 ಎಂದರೆ ಓರೆಯಾಗಿ ಒಳಕ್ಕೆ ನುಗ್ಗುವ ಸ್ಲ್ಯಾಂಟ್, 9 ಎಂದರೆ ನೇರವಾಗಿ ದೂರಕ್ಕೆ ಓಟ. ಮೂವರು ರಿಸೀವರ್‌ಗಳಿಗೆ ಮೂರು ಅಂಕಿ ಕೂಗಿದರೆ ಯಾರು ಎತ್ತ ಓಡಬೇಕೆಂಬುದು ಸ್ಪಷ್ಟ.

ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ ತಂಡವನ್ನು ಕಟ್ಟಿದ ಬಿಲ್ ವಾಲ್ಶ್ ಅವರ ವೆಸ್ಟ್ ಕೋಸ್ಟ್ ಪದ್ಧತಿಯಲ್ಲಿ ಅಂಕಿಗಿಂತ ಪದಗಳೇ ಹೆಚ್ಚು. ಒಂದೊಂದು ಕರೆಯೂ ಮಾರುದ್ದ. ಗಿಡ್ಡ ಎಸೆತ, ಕರಾರುವಾಕ್ಕಾದ ಹೆಜ್ಜೆ ಇದರ ಜೀವಾಳ.

ರಾನ್ ಎರ‍್ಹಾರ್ಟ್ ಮತ್ತು ರೇ ಪರ್ಕಿನ್ಸ್ ಅವರ ಹೆಸರಿನ ಮೂರನೆಯ ಪದ್ಧತಿ 1970ರ ದಶಕದಲ್ಲಿ ಪೇಟ್ರಿಯಟ್ಸ್‌ನಲ್ಲೇ ರೂಪುಗೊಂಡಿತು. ಇಲ್ಲಿ ಒಂದೇ ಒಂದು ಪದ ಇಡೀ ಪರಿಕಲ್ಪನೆಯನ್ನು ಸೂಚಿಸುತ್ತದೆ. ಯಾರ ಪಾಲಿಗೆ ಯಾವ ಓಟ ಎಂಬುದು ಆ ಕ್ಷಣದಲ್ಲಿ ಅವನು ನಿಂತಿರುವ ಜಾಗದ ಮೇಲೆ ಅವಲಂಬಿತ. ಕರೆ ಚಿಕ್ಕದು, ನೆನಪಿನ ಹೊರೆ ದೊಡ್ಡದು. ತನ್ನ ಪಾತ್ರವನ್ನಷ್ಟೇ ಉರುಹೊಡೆದವನು ಇಲ್ಲಿ ಉಳಿಯಲಾರ. ನಾಟಕದ ಎಲ್ಲ ಪಾತ್ರಗಳ ಮಾತೂ ಬಾಯಿಗೆ ಬರಬೇಕು.

ಓಡುವ ಹಾದಿಗಳು ಎಲ್ಲೆಡೆ ಹೆಚ್ಚುಕಡಿಮೆ ಅವೇ, ಹೆಸರುಗಳು ಮಾತ್ರ ಬೇರೆ. ಹೊಸಬ ಹುಡುಗನಿಗೆ ಇದು ಮೊದಲ ಭಾಷೆ. ಹತ್ತು ವರ್ಷ ಆಡಿದವನಿಗೆ ಎರಡನೆಯದು. ಅವನು ಕೇಳಿದ ಪದವನ್ನು ಮನಸ್ಸಿನಲ್ಲೇ ಹಳೆಯ ತಂಡದ ಪದಕ್ಕೆ ಅನುವಾದಿಸಿಕೊಂಡು ಆಮೇಲೆ ಓಡುತ್ತಾನೆ. ಆ ಅನುವಾದಕ್ಕೆ ತಗಲುವ ಅರೆಕ್ಷಣದಲ್ಲಿ ಚೆಂಡು ಅವನ ಜಾಗವನ್ನು ದಾಟಿ ಹೋಗಿರುತ್ತದೆ.

ಇಬ್ಬರ ಕಣ್ಣಿಗೆ ಒಂದೇ ನೋಟ

ಭಾಷೆಗಿಂತಲೂ ಕಠಿಣವಾದ ಪರೀಕ್ಷೆ ಇನ್ನೊಂದಿದೆ. ಅನೇಕ ರೂಟ್‌ಗಳಿಗೆ ನಿಗದಿತ ಕೊನೆ ಇರುವುದಿಲ್ಲ. ಎದುರಾಳಿಗಳು ಜಾಗ ಹಂಚಿಕೊಂಡು ಕಾಯುತ್ತಿದ್ದರೆ ರಿಸೀವರ್ ಅವರ ನಡುವಿನ ತೆರವಿನಲ್ಲಿ ನಿಲ್ಲಬೇಕು. ಒಬ್ಬನೇ ಅವನ ಬೆನ್ನು ಹತ್ತಿದ್ದರೆ ನಿಲ್ಲದೆ ಓಡುತ್ತಲೇ ಇರಬೇಕು. ಹೆಚ್ಚುವರಿ ಆಟಗಾರರು ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿದರೆ ಓಟವನ್ನು ಅಲ್ಲಿಗೇ ಮೊಟಕುಗೊಳಿಸಿ ತಿರುಗಬೇಕು.

ಈ ತೀರ್ಮಾನವನ್ನು ರಿಸೀವರ್ ಓಡುತ್ತಲೇ ಕೈಗೊಳ್ಳಬೇಕು. ಇಪ್ಪತ್ತು ಗಜ ಆಚೆ ನಿಂತ ಕ್ವಾರ್ಟರ್‌ಬ್ಯಾಕ್ ಕೂಡ ಅದೇ ಕ್ಷಣದಲ್ಲಿ ಅದೇ ತೀರ್ಮಾನಕ್ಕೆ ಬರಬೇಕು. ಕ್ರಿಕೆಟ್‌ನಲ್ಲಿ ಇಬ್ಬರು ಬ್ಯಾಟುಗಾರರು ಕೂಗಿ ಕರೆದು ಓಟ ಕದಿಯುತ್ತಾರೆ. ಇಲ್ಲಿ ಕೂಗಲು ಸಮಯವಿಲ್ಲ, ಕೂಗಿದರೂ ಕೇಳಿಸದು. ಒಬ್ಬ ನಿಂತು, ಇನ್ನೊಬ್ಬ ಓಡುತ್ತಾನೆಂದು ಭಾವಿಸಿ ಎಸೆದರೆ ಚೆಂಡು ಎದುರಾಳಿಯ ಕೈಗೆ. ಪ್ರೇಕ್ಷಕರು ಬೈಯುವುದು ಎಸೆದವನನ್ನು. ತಪ್ಪು ಯಾರದೆಂದು ಬಲ್ಲವರು ತಂಡದ ಒಳಗಿನವರು ಮಾತ್ರ.

ಹಿರಿಯ ಆಟಗಾರನ ಅನುಭವ ಎರಡಲಗಿನ ಕತ್ತಿಯಾಗುವುದು ಇಲ್ಲಿಯೇ. ರಕ್ಷಣಾ ಪಡೆಯ ವಿನ್ಯಾಸವನ್ನು ಅವನು ಕಿರಿಯರಿಗಿಂತ ಬೇಗ ಗುರುತಿಸಬಲ್ಲ. ಆದರೆ ಗುರುತಿಸಿದ ಮೇಲೆ ಕಾಲು ಹೊರಳುವುದು ಹಳೆಯ ಜೊತೆಗಾರನೊಂದಿಗೆ ವರ್ಷಗಟ್ಟಲೆ ರೂಢಿಸಿಕೊಂಡ ದಿಕ್ಕಿಗೆ. ಓಚೊಸಿಂಕೊ ಸಿನ್ಸಿನಾಟಿಯಲ್ಲಿ ಕಾರ್ಸನ್ ಪಾಮರ್ ಅವರೊಂದಿಗೆ ಹಲವು ಋತು ಆಡಿದ್ದರು. ಮಾಲೀಕರು ಮತ್ತು ಆಟಗಾರರ ಸಂಘದ ನಡುವಿನ ವಿವಾದದಿಂದಾಗಿ 2011ರ ಮಾರ್ಚ್‌ನಿಂದ ಜುಲೈವರೆಗೆ ಲೀಗ್ ಬಾಗಿಲು ಮುಚ್ಚಿತ್ತು. ಹೊಸ ಪಾಠ ಕಲಿಯಬೇಕಾದ ತಿಂಗಳುಗಳೇ ಹೀಗೆ ಕೈತಪ್ಪಿದವು. ಮೇಲಾಗಿ ಆ ಹೊತ್ತಿಗೆ ಬ್ರೇಡಿಗೆ ವೆಸ್ ವೆಲ್ಕರ್ ಹಾಗೂ ರಾಬ್ ಗ್ರಾಂಕೌಸ್ಕಿ ಇದ್ದರು. ವೆಲ್ಕರ್ 122 ಚೆಂಡು ಹಿಡಿದರು, ಗ್ರಾಂಕೌಸ್ಕಿ ಹಿಡಿದ ಎಸೆತಗಳಲ್ಲೇ 17 ಟಚ್‌ಡೌನ್ ಬಂದವು. ಹೊಸಬರಿಗಾಗಿ ಕಾಯುವ ಅಗತ್ಯ ತಂಡಕ್ಕಿರಲಿಲ್ಲ.

ಮಾಸ್ ಕೂಡ 2007ರಲ್ಲಿ ಗಾಯದಿಂದಾಗಿ ಅಭ್ಯಾಸ ಪಂದ್ಯಗಳನ್ನು ಆಡಿರಲಿಲ್ಲ. ಆದರೂ ಮೊದಲ ಪಂದ್ಯದಲ್ಲೇ ನ್ಯೂಯಾರ್ಕ್ ಜೆಟ್ಸ್ ವಿರುದ್ಧ 183 ಗಜ ಸಾಗಿದರು. ದೂರಕ್ಕೆ ಓಡಿ, ಎತ್ತರಕ್ಕೆ ಹಾರಿ ಚೆಂಡು ಕಸಿಯುವುದು ಅವರ ಹುಟ್ಟುಗುಣ. ತಂಡ ಅವರಿಂದ ಮುಖ್ಯವಾಗಿ ಕೇಳಿದ್ದೂ ಅದನ್ನೇ. ವ್ಯತ್ಯಾಸದ ಒಂದು ಮುಖ್ಯ ಎಳೆ ಇರುವುದು ಇಲ್ಲಿ.

ಭಾಷೆ ಬಲ್ಲವರು, ಪಾತ್ರ ಬದಲಿಸಿದವರು

ಜೆರ‍್ರಿ ರೈಸ್ 16 ಋತು ಫಾರ್ಟಿನೈನರ್ಸ್‌ಗೆ ಆಡಿ 2001ರಲ್ಲಿ ರೈಡರ್ಸ್ ಸೇರಿದರು. ಆ ಋತುವಿನ ನಡುವೆ ಅವರಿಗೆ 39 ತುಂಬಿತು. ಆದರೂ 83 ಚೆಂಡು ಹಿಡಿದು 1,139 ಗಜ ಸಾಗಿದರು. ಮರುವರ್ಷ 92 ಚೆಂಡು, 1,211 ಗಜ! ರೈಡರ್ಸ್ ತರಬೇತುದಾರ ಜಾನ್ ಗ್ರೂಡೆನ್ ಬಳಸುತ್ತಿದ್ದದ್ದು ವೆಸ್ಟ್ ಕೋಸ್ಟ್ ಪದ್ಧತಿ. ಅಂದರೆ ರೈಸ್ ಊರು ಬದಲಿಸಿದರೇ ಹೊರತು ಭಾಷೆ ಬದಲಿಸಬೇಕಾಗಲಿಲ್ಲ.

ಎಮ್ಯಾನುಯೆಲ್ ಸ್ಯಾಂಡರ್ಸ್ ಅವರದೂ ಇಂಥದೇ ಉದಾಹರಣೆ. 2019ರ ಅಕ್ಟೋಬರ್‌ನಲ್ಲಿ, ಋತುವಿನ ಮಧ್ಯದಲ್ಲಿ, ಅವರು ಡೆನ್ವರ್ ಬ್ರಾಂಕೋಸ್‌ನಿಂದ ಫಾರ್ಟಿನೈನರ್ಸ್‌ಗೆ ಬಂದರು. ವಯಸ್ಸು 32. ಉಳಿದ ಪಂದ್ಯಗಳಲ್ಲಿ 36 ಚೆಂಡು ಹಿಡಿದು 502 ಗಜ ಸಾಗಿದರು, ತಂಡ ಸೂಪರ್ ಬೌಲ್ ತಲುಪಿತು. ಆ ವರ್ಷ ಡೆನ್ವರ್‌ನ ಆಕ್ರಮಣ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ರಿಚ್ ಸ್ಕ್ಯಾಂಗರೆಲೊ ಅದಕ್ಕೂ ಮುನ್ನ ಫಾರ್ಟಿನೈನರ್ಸ್‌ನಲ್ಲೇ ತರಬೇತುದಾರರಾಗಿದ್ದವರು. ಸ್ಯಾಂಡರ್ಸ್ ಅರ್ಧ ಪಾಠವನ್ನು ಡೆನ್ವರ್‌ನಲ್ಲೇ ಕಲಿತಿದ್ದರೆನ್ನಬಹುದು.

ತಂಡ ಬಿಡದೆಯೂ ಹೊಸ ಪದ್ಧತಿಗೆ ಸಿಕ್ಕವರು ಲ್ಯಾರಿ ಫಿಟ್ಜ್‌ಜೆರಾಲ್ಡ್. ಅರಿಜೋನಾ ಕಾರ್ಡಿನಲ್ಸ್‌ಗೆ 2013ರಲ್ಲಿ ಬಂದ ಬ್ರೂಸ್ ಏರಿಯನ್ಸ್ ಅವರನ್ನು ಮೈದಾನದ ಅಂಚಿನಿಂದ ಒಳಗಿನ ಸ್ಲಾಟ್ ಸ್ಥಾನಕ್ಕೆ ಸರಿಸಿದರು. ಅಲ್ಲಿ ವೇಗಕ್ಕಿಂತ ಓದುವ ಬುದ್ಧಿ, ಎದುರಾಳಿಯನ್ನು ಮೈಯೊಡ್ಡಿ ತಡೆಯುವ ಗಟ್ಟಿತನ ಬೇಕು. 2014ರಲ್ಲಿ ಅವರು ಹಿಡಿದದ್ದು 63 ಚೆಂಡು. 2015ರಲ್ಲಿ, 32ರ ವಯಸ್ಸಿನಲ್ಲಿ, 109 ಚೆಂಡು. ಒಗ್ಗಿಕೊಳ್ಳಲು ಎರಡು ವರ್ಷ ಹಿಡಿಯಿತು. ಆ ಎರಡು ವರ್ಷ ಕಾಯುವ ತಾಳ್ಮೆ ತಂಡಕ್ಕಿತ್ತು.

ಅಂಥ ತಾಳ್ಮೆ ಎಲ್ಲರಿಗೂ ದೊರೆಯದು. 2010ರ ಅಕ್ಟೋಬರ್‌ನಲ್ಲಿ ಇದೇ ಮಾಸ್ ಮಿನ್ನೆಸೋಟ ವೈಕಿಂಗ್ಸ್‌ಗೆ ಹೋಗಿ ನಾಲ್ಕೇ ಪಂದ್ಯಗಳಲ್ಲಿ ಹೊರಬಿದ್ದರು. ಅಲ್ಲಿಂದ ಟೆನ್ನೆಸ್ಸಿ ಟೈಟನ್ಸ್ ಸೇರಿ ಎಂಟು ಪಂದ್ಯಗಳಲ್ಲಿ ಹಿಡಿದದ್ದು ಆರೇ ಚೆಂಡು. ಕಾರಣಗಳು ಹಲವಿರಬಹುದು. ಆದರೆ ದಾಖಲೆವೀರನ ಕೌಶಲವೂ ಹೋದಲ್ಲೆಲ್ಲ ತಾನಾಗಿ ಹಿಂಬಾಲಿಸುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕಲಿಯುವ ದಾರಿ

ಹಾಗಾದರೆ ಜಾಣ ಹಿರಿಯರು ಮಾಡುವುದೇನು? ಮೊದಲನೆಯದಾಗಿ, ಪ್ಲೇಬುಕ್ಕನ್ನು ತಮ್ಮ ಸ್ಥಾನದಿಂದ ಕಲಿಯದೆ ಕ್ವಾರ್ಟರ್‌ಬ್ಯಾಕ್‌ನ ಕಣ್ಣಿನಿಂದ ಕಲಿಯುತ್ತಾರೆ. ಯೋಜನೆಯ ಉದ್ದೇಶ ಅರ್ಥವಾದರೆ ಹೆಸರು ಮರೆತರೂ ಓಟ ತಪ್ಪದು. ಎರಡನೆಯದಾಗಿ, ಋತು ಆರಂಭಕ್ಕೆ ತಿಂಗಳುಗಳ ಮೊದಲೇ ಕ್ವಾರ್ಟರ್‌ಬ್ಯಾಕ್ ಜೊತೆ ಖಾಸಗಿಯಾಗಿ ಅಭ್ಯಾಸ ನಡೆಸುತ್ತಾರೆ. ತಂಡಗಳ ಅಭ್ಯಾಸದ ಮೇಲೆ 2011ರ ಒಪ್ಪಂದ ಕಟ್ಟುನಿಟ್ಟಾದ ಮಿತಿ ಹೇರಿತು, ರಕ್ಷಾಕವಚ ಧರಿಸಿದ ಅಭ್ಯಾಸಗಳನ್ನು ಇಡೀ ಋತುವಿಗೆ 14ಕ್ಕೆ ಇಳಿಸಿತು. ಹೀಗಾಗಿ ಈ ಖಾಸಗಿ ಅಭ್ಯಾಸದ ಬೆಲೆ ಹೆಚ್ಚಿದೆ. ಮೂರನೆಯದಾಗಿ, ತಂಡದ ಓಟಗಾರನಿಗೆ ದಾರಿ ಬಿಡಿಸಿಕೊಡುವಂಥ ಹೆಸರು ತಾರದ ಕೆಲಸವನ್ನೂ ಒಪ್ಪಿಕೊಳ್ಳುತ್ತಾರೆ. ಅದು ಅವರನ್ನು ಮೈದಾನದಲ್ಲಿ ಉಳಿಸುತ್ತದೆ. ಉಳಿದವರಿಗಷ್ಟೇ ಕಲಿಯುವ ಅವಕಾಶ.

ತಂಡದ ಹೊಣೆಯೂ ಕಡಿಮೆಯಲ್ಲ. ವಿವೇಕಿ ತರಬೇತುದಾರ ಮೊದಲ ವಾರಗಳಲ್ಲಿ ಹೊಸಬನಿಗೆ ಇಡೀ ಪುಸ್ತಕ ಹೊರಿಸುವುದಿಲ್ಲ. ಅವನಿಗೆ ಚೆನ್ನಾಗಿ ಬರುವ ನಾಲ್ಕೈದು ಓಟಗಳನ್ನು ಆರಿಸಿ, ಅವಕ್ಕೆ ತನ್ನ ಹೆಸರು ಕೊಟ್ಟು, ನಿಧಾನವಾಗಿ ಉಳಿದದ್ದನ್ನು ಸೇರಿಸುತ್ತಾನೆ. ಒಗ್ಗಿಕೊಳ್ಳುವುದು ಎರಡೂ ಕಡೆಯಿಂದ ನಡೆಯಬೇಕಾದ ಕೆಲಸ.

ಇದನ್ನು ಬರಿಯ ತಾಂತ್ರಿಕ ಕುತೂಹಲವೆಂದು ತಳ್ಳಿಹಾಕುವಂತಿಲ್ಲ. ಎನ್‌ಎಫ್‌ಎಲ್ ಒಪ್ಪಂದಗಳ ಮೊತ್ತವೆಲ್ಲ ಸಾಮಾನ್ಯವಾಗಿ ಖಾತರಿಯದಾಗಿರುವುದಿಲ್ಲ. ಮೂವತ್ತು ದಾಟಿದ ಆಟಗಾರನಿಗೆ ಒಂದು ಋತು ಕೈಕೊಟ್ಟರೆ ಮತ್ತೊಂದು ಸಿಗುವ ಭರವಸೆಯಿಲ್ಲ. ಪೇಟ್ರಿಯಟ್ಸ್ 2012ರ ಜೂನ್‌ನಲ್ಲಿ ಓಚೊಸಿಂಕೊ ಅವರನ್ನು ಕೈಬಿಟ್ಟಿತು. ಮುಂದೆ ಮಯಾಮಿ ಡಾಲ್ಫಿನ್ಸ್ ಸೇರಿದರೂ ಮೈದಾನದ ಹೊರಗಿನ ಪ್ರಕರಣದಿಂದಾಗಿ ಅಲ್ಲಿಯೂ ಉಳಿಯಲಿಲ್ಲ. ಲೀಗ್‌ನ ಋತುವಿನ ಪಂದ್ಯದಲ್ಲಿ ಅವರು ಮತ್ತೆ ಆಡಲೇ ಇಲ್ಲ.

ಸೆಪ್ಟೆಂಬರ್‌ನಲ್ಲಿ ಋತು ಆರಂಭವಾದಾಗ ಹೊಸ ಅಂಗಿ ತೊಟ್ಟ ಹಳೆಯ ಹೆಸರೊಂದು ಕಣ್ಣಿಗೆ ಬಿದ್ದರೆ, ಚೆಂಡನ್ನು ಬಿಟ್ಟು ಅವನನ್ನೇ ಗಮನಿಸಿ ನೋಡಿ. ಅವನು ತಿರುಗುವ ಹೊತ್ತಿಗೆ ಚೆಂಡು ಎದೆಯ ಮಟ್ಟಕ್ಕೆ ಬಂದಿದ್ದರೆ ಪಾಠ ಕೂಡಿಬಂದಿದೆ ಎಂದು ತಿಳಿಯಿರಿ. ಯತ್ನ ಮುಗಿದ ಮೇಲೆ ಇಬ್ಬರೂ ಕೈಯಾಡಿಸುತ್ತ ಪರಸ್ಪರ ದಿಕ್ಕು ತೋರಿಸಿಕೊಳ್ಳುತ್ತಿದ್ದರೆ, ಅನುವಾದ ಇನ್ನೂ ಮುಗಿದಿಲ್ಲ.