ಎರಡಡಿ ಟ್ಯಾಂಕಿಗೆ ಯಾವ ಮೀನು?

ಅಕ್ವೇರಿಯಂ ಅಂಗಡಿಯಲ್ಲಿ ಮಾರಾಟಕ್ಕಿರುವ ಮೀನುಗಳಲ್ಲಿ ಬಹುಪಾಲು ಇನ್ನೂ ಮರಿಗಳು. ಬೆರಳುದ್ದದ ಗೋಲ್ಡ್ ಫಿಶ್ ಚೆನ್ನಾಗಿ ಬೆಳೆದರೆ 20 ಸೆಂ.ಮೀ. ದಾಟುತ್ತದೆ, ಹತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು. ‘ಗಾಜು ಕ್ಲೀನ್ ಮಾಡುತ್ತೆ, ಒಂದು ಇರಲಿ ಸಾರ್’ ಎಂದು ಜೊತೆಗೆ ಕಟ್ಟಿಕೊಡುವ ಸಕ್ಕರ್ ಫಿಶ್ ಒಂದಡಿಗೂ ಮೀರಿ ಬೆಳೆಯುವ ಜಾತಿ. ಅದು ತಿನ್ನುವ ಪಾಚಿಯ ಲೆಕ್ಕ ಹಾಗಿರಲಿ, ಹಾಕುವ ಹಿಕ್ಕೆ ತೆಗೆಯುವ ಕೆಲಸ ಮನೆಯವರದೇ. ಸಾಕಲಾಗದೆ ಕೆರೆಗೆ ಬಿಟ್ಟವರ ದಯೆಯಿಂದ ದಕ್ಷಿಣ ಅಮೆರಿಕದ ಈ ಮೀನು ಭಾರತದ ಹಲವು ಕೆರೆ-ನದಿಗಳಲ್ಲಿ ನೆಲೆಯೂರಿ ಮೀನುಗಾರರ ಬಲೆ ಹರಿಯುತ್ತಿದೆ.

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕು ಅಂಚಿನವರೆಗೆ ತುಂಬಿದರೆ ಸುಮಾರು 56 ಲೀಟರ್. ಜಲ್ಲಿ, ಕಲ್ಲು, ಮೇಲೆ ಬಿಡಬೇಕಾದ ಜಾಗ ಕಳೆದರೆ 45ರ ಆಸುಪಾಸು. ಮೀನುಗಳು ಕಿವಿರುಗಳ ಮೂಲಕ ಹೊರಹಾಕುವ ಅಮೋನಿಯಾ ಇಷ್ಟೇ ನೀರಿನಲ್ಲಿ ಸೇರಿ ಅವಕ್ಕೇ ವಿಷವಾಗುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಸುತ್ತವೆ. ಹೊಸ ಟ್ಯಾಂಕಿನಲ್ಲಿ ಈ ಬಳಗ ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಭಾನುವಾರ ಟ್ಯಾಂಕು, ಮೀನು ಎರಡನ್ನೂ ಒಟ್ಟಿಗೇ ತಂದ ಮನೆಯಲ್ಲಿ ಮುಂದಿನ ಭಾನುವಾರದೊಳಗೆ ಮೀನು ಸತ್ತರೆ ಹೆಚ್ಚಾಗಿ ಕಾರಣ ಇದೇ, ದೃಷ್ಟಿ ತಾಗಿದ್ದಲ್ಲ.

ಮೀನಿನ ಬಣ್ಣ ನೋಡುವ ಮೊದಲು ಮನೆಯ ನೀರು ನೋಡಬೇಕು. ಬಯಲುಸೀಮೆಯ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು. ಗಪ್ಪಿ, ಮೋಲಿಗಳಿಗೆ ಅದೇ ಹಿತ. ಸೊಳ್ಳೆಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ಬಾವಿಗಳಿಗೆ ಬಿಡುವುದೂ ಗಪ್ಪಿಯನ್ನೇ, ಅಷ್ಟು ಗಟ್ಟಿಜೀವ. ತೊಡಕಿರುವುದು ಅದರ ಸಂಸಾರದಲ್ಲಿ. ಹೆಣ್ಣು ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಮರಿ ಹಾಕುತ್ತದೆ. ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಒಡಲಲ್ಲಿ ಕಾಪಿಡಬಲ್ಲದಾದ್ದರಿಂದ ಗಂಡನ್ನು ಬೇರ್ಪಡಿಸಿದರೂ ಮರಿಗಳು ಬರುತ್ತಲೇ ಇರುತ್ತವೆ. ಬರೀ ಗಂಡುಗಳನ್ನು ಕೊಳ್ಳುವುದೇ ಜಾಣತನ. ಬಣ್ಣದ ಸೊಗಸೂ ಅವಕ್ಕೇ ಹೆಚ್ಚು. ಅಮೆಜಾನ್ ಸೀಮೆಯ ನಿಯಾನ್ ಟೆಟ್ರಾಗೆ ಒಗ್ಗುವುದು ಮೆದು, ತುಸು ಆಮ್ಲೀಯ ನೀರು. ಕರಾವಳಿಯ ಮುರಕಲ್ಲಿನ ಬಾವಿ ಇರುವವರು ಅದಕ್ಕೆ ಧೈರ್ಯ ಮಾಡಬಹುದು.

ನಿಯಾನ್ ಗುಂಪಿನ ಮೀನು, ಜೀಬ್ರಾ ಡೇನಿಯೊ ಕೂಡ. ಎರಡೇ ತಂದರೆ ಬೆದರಿ ಮೂಲೆ ಹಿಡಿಯುತ್ತವೆ, ಆರಾದರೂ ಬೇಕು. ಜೀಬ್ರಾ ನಮ್ಮ ಉಪಖಂಡದ್ದೇ ಮೀನು. 1822ರಲ್ಲಿ ಗಂಗೆಯ ಮೀನುಗಳ ಜೊತೆ ಇದನ್ನು ವಿವರಿಸಿದವನು ಫ್ರಾನ್ಸಿಸ್ ಹ್ಯಾಮಿಲ್ಟನ್, ಅಂದರೆ ಟಿಪ್ಪು ಮಡಿದ ಮರುವರ್ಷ ಮೈಸೂರು ಸೀಮೆ ಸುತ್ತಲು ಹೊರಟಿದ್ದ ಅದೇ ಬುಕಾನನ್. ಚುರುಕು ಮೀನಾದ್ದರಿಂದ ಎತ್ತರಕ್ಕಿಂತ ಉದ್ದವಿರುವ ಟ್ಯಾಂಕು ಬೇಕು. ಮುಚ್ಚಳವಿಲ್ಲದಿದ್ದರೆ ಹೊರಗೆ ನೆಗೆದೀತು.

ಫೈಟರ್ ಗಂಡು ಒಂಟಿಯಾಗಿಯೇ ಇರಬೇಕು. ಅದು ನೀರಿನ ಮೇಲೆ ಬಂದು ಗಾಳಿಯನ್ನೂ ಉಸಿರಾಡುತ್ತದೆ, ಅದಕ್ಕೇ ಅಂಗಡಿಯಲ್ಲಿ ಲೋಟದಷ್ಟು ನೀರಿನಲ್ಲೂ ಜೀವ ಹಿಡಿದಿರುತ್ತದೆ. ಮನೆಯಲ್ಲೂ ಹಾಗೇ ಇಡುವುದು ಕ್ರೌರ್ಯ.

ಇನ್ನು ಗಾತ್ರಕ್ಕೆ ಮರುಳಾಗುವವರನ್ನು ಏಮಾರಿಸುವ ಮೀನೆಂದರೆ ಪಶ್ಚಿಮ ಘಟ್ಟದ ಪೀ ಪಫರ್. 1941ರಲ್ಲಿ ಪಂಪಾ ನದಿಯ ಮಾದರಿಗಳಿಂದ ವಿಜ್ಞಾನಕ್ಕೆ ಪರಿಚಯವಾದ ಇದು ಪೂರ್ತಿ ಬೆಳೆದರೂ ಮೂರು ಸೆಂ.ಮೀ. ಆಸುಪಾಸು. ಆದರೆ ಗಪ್ಪಿಯ ಬಾಲ ಕಂಡರೆ ಕಚ್ಚದೆ ಬಿಡುವುದು ಅಪರೂಪ. ಒಣ ಆಹಾರವನ್ನು ಸಾಮಾನ್ಯವಾಗಿ ಮೂಸಿಯೂ ನೋಡುವುದಿಲ್ಲ. ಸಣ್ಣ ಬಸವನಹುಳು, ರಕ್ತಹುಳುಗಳನ್ನು ಒದಗಿಸಬೇಕು. ಅಂಗಡಿಗೆ ಬರುವ ಪಫರ್‌ಗಳಲ್ಲಿ ಹಲವು ಕಾಡಿನ ಹೊಳೆಗಳಿಂದಲೇ ಹಿಡಿದು ತಂದವು. ಸಾಕಿ ಬೆಳೆಸಿದ್ದು ಹೌದೇ ಎಂದು ಕೇಳಿಯೇ ಕೊಳ್ಳಬೇಕು.