ಪಡಸಾಲೆಯಲ್ಲಿ ರಸಪ್ರಶ್ನೆ

ಬಸವ ಜಯಂತಿ ಬರುವುದು ವೈಶಾಖದ ಬಿಸಿಲಿನಲ್ಲಿ, ಅಕ್ಷಯ ತದಿಗೆಯಂದು. ಶಾಲೆಗಳಿಗೆ ರಜೆಯಿರುವ ಕಾಲವದು. ತವರಿಗೆ ಬಂದ ಹೆಣ್ಣುಮಕ್ಕಳು, ಅಳಿಯಂದಿರು, ಮೊಮ್ಮಕ್ಕಳು ಎಲ್ಲರೂ ಒಂದೇ ಸೂರಿನಡಿ ಸೇರಿರುತ್ತಾರೆ. ಬೆಳಿಗ್ಗೆ ಪೂಜೆ, ಬಾಲಬಸವನನ್ನು ತೊಟ್ಟಿಲಿಗೆ ಹಾಕುವ ಸಂಭ್ರಮ, ಮಧ್ಯಾಹ್ನ ಪ್ರಸಾದ. ಸಂಜೆಗೆ ಮೆರವಣಿಗೆ ನೋಡಿ ಬಂದದ್ದಾಯಿತು. ಆ ಬಳಿಕ ಮಲಗುವವರೆಗಿನ ಎರಡು ಮೂರು ತಾಸು ಏನು ಮಾಡುವುದು? ಹಿಂದೆ ಈ ಹೊತ್ತು ಹಿರಿಯರ ಮಾತಿನಲ್ಲಿ ಕಳೆಯುತ್ತಿತ್ತು. ಈಗ ಹತ್ತು ಜನರಿದ್ದ ಪಡಸಾಲೆಯಲ್ಲಿ ಹತ್ತು ಮೊಬೈಲುಗಳು ಬೆಳಗುತ್ತವೆ. ಮಾತು ಮಾತ್ರ ಕೇಳಿಸುವುದಿಲ್ಲ.

ಇದನ್ನು ನೋಡಲಾರದೆ 2022ರ ಜಯಂತಿಯ ಸಂಜೆ ನಾವು ಮನೆಯಲ್ಲಿಯೇ ಒಂದು ರಸಪ್ರಶ್ನೆ ಪಂದ್ಯವನ್ನು ಏರ್ಪಡಿಸಿದೆವು. ಶರಣರ ವಿಷಯವಾಗಿ ಇಪ್ಪತ್ತೈದು ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ಮೇಷ್ಟ್ರ ಠೀವಿಯಿಂದ ಕುಳಿತೆವು. ಮೊದಲ ಅರ್ಧ ತಾಸಿನಲ್ಲಿಯೇ ನಮ್ಮ ಉತ್ಸಾಹಕ್ಕೆ ತಕ್ಕ ಪಾಠವಾಯಿತು.

ನಮ್ಮ ಪ್ರಶ್ನೆಗಳೆಲ್ಲ ಯಾವ ಊರು, ಯಾವ ಇಸವಿ, ಯಾರ ಮಗ, ಯಾರ ಅಂಕಿತ ಎಂಬ ಬಗೆಯವು. ಪ್ರೌಢಶಾಲೆಯ ಇಬ್ಬರು ಹುಡುಗರು ಪ್ರಶ್ನೆ ಮುಗಿಯುವ ಮೊದಲೇ ಕೈಯೆತ್ತಿ ಉತ್ತರ ಹೇಳಿಬಿಡುತ್ತಿದ್ದರು. ಉಳಿದವರು ಸುಮ್ಮನೆ ಕುಳಿತರು. ಎಂಬತ್ತು ದಾಟಿದ ನಮ್ಮ ತಾಯಿಯವರು ಗೋಡೆಗೊರಗಿ ತೂಕಡಿಸತೊಡಗಿದರು. ಆಗ ನಾವು ಕೇಳಿದ ಒಂದು ಪ್ರಶ್ನೆ ಇದು: "ಮಲ್ಲಿಕಾರ್ಜುನನ ಹೆಸರುಳ್ಳ ಅಂಕಿತದಿಂದ ವಚನ ರಚಿಸಿದವರು ಯಾರು?" ಹಿಂದಿನ ವರ್ಷವಷ್ಟೇ ಮನೆಗೆ ಬಂದಿದ್ದ, ಸೊಲ್ಲಾಪುರದ ಕಡೆಯ ಸೊಸೆ ಅಂದು ಮೊದಲ ಬಾರಿಗೆ ಬಾಯಿ ತೆರೆದು, "ಸಿದ್ಧರಾಮರು" ಎಂದಳು. "ತಪ್ಪು! ಅಕ್ಕಮಹಾದೇವಿ!" ಎಂದು ಹುಡುಗರು ಕೂಗಿದರು. ನಾವೂ "ಸರಿ, ಅಕ್ಕ" ಎಂದು ಅಂಕ ಬರೆದೆವು. ಯಾರೋ ನಕ್ಕರು. ಚಹಾಕ್ಕೆ ಇಡುತ್ತೇನೆಂದು ಹೇಳಿ ಆಕೆ ಒಳಗೆ ಹೋದವಳು ಪಂದ್ಯ ಮುಗಿಯುವವರೆಗೂ ಹೊರಗೆ ಬರಲಿಲ್ಲ.

ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ. ಎದ್ದು ಪುಸ್ತಕ ತೆರೆದು ನೋಡಿದೆವು. ಅಕ್ಕನ ಅಂಕಿತ ಚೆನ್ನಮಲ್ಲಿಕಾರ್ಜುನ, ನಿಜ. ಆದರೆ ಸೊನ್ನಲಿಗೆಯ ಸಿದ್ಧರಾಮರ ಅಂಕಿತ ಕಪಿಲಸಿದ್ಧಮಲ್ಲಿಕಾರ್ಜುನ. ಮೋಳಿಗೆಯ ಮಾರಯ್ಯನವರದು ನಿಃಕಳಂಕ ಮಲ್ಲಿಕಾರ್ಜುನ. ಡೋಹರ ಕಕ್ಕಯ್ಯನವರದು ಅಭಿನವ ಮಲ್ಲಿಕಾರ್ಜುನ. ನಮ್ಮ ಒಂದು ಪ್ರಶ್ನೆಗೆ ಕಡಿಮೆಯೆಂದರೆ ನಾಲ್ಕು ಸರಿಯುತ್ತರಗಳಿದ್ದವು! ತಪ್ಪಿದ್ದು ಉತ್ತರವಲ್ಲ, ಪ್ರಶ್ನೆ. ಆ ಹುಡುಗಿ ಸಿದ್ಧರಾಮೇಶ್ವರರ ಕೆರೆಯ ದಂಡೆಯ ಊರಿನಲ್ಲಿ ಬೆಳೆದವಳು. ಅವಳಿಗೆ ಮಲ್ಲಿಕಾರ್ಜುನನೆಂದೊಡನೆ ನೆನಪಾಗಬೇಕಾದವರು ಅವರೇ ಅಲ್ಲವೆ?

ಮರುದಿನ ಬೆಳಿಗ್ಗೆ ಉಪಾಹಾರದ ಹೊತ್ತಿಗೆ ಎಲ್ಲರ ಮುಂದೆಯೇ ನಮ್ಮ ತಪ್ಪನ್ನು ಒಪ್ಪಿಕೊಂಡೆವು. ಆಕೆ ತಲೆ ತಗ್ಗಿಸಿಕೊಂಡೇ, "ಇರ್ಲಿ ಬಿಡ್ರಿ ಮಾವಾರ, ನನಗೂ ಆಗ ಸಂಶಯನ ಬಂತು" ಎಂದಳು. ತನಗೆ ಗೊತ್ತಿದ್ದುದರ ಬಗೆಗೇ ಸಂಶಯ ಬರುವಂತೆ ಮಾಡಿದ ಆಟ ಎಂಥ ಆಟ ಎಂದು ನಮಗೆ ನಾಚಿಕೆಯಾಯಿತು. ಮುಂದಿನ ವರ್ಷ ಪಂದ್ಯವನ್ನು ಕೈಬಿಡಬೇಕೆಂದೂ ಯೋಚಿಸಿದ್ದೆವು. ಬೇಡವೆಂದವರು ನಮ್ಮ ತಾಯಿಯವರು. "ಆಟ ಛಲೋ ಐತಿ, ಆಡಸೂದು ನಿನಗ ಬರಲಿಲ್ಲ" ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು.

ಅವರ ಮಾತು ಸರಿಯೇ. ಪ್ರಶ್ನೆ ಕೇಳಿ ನಗುವ, ನಗಿಸುವ ಆಟ ನಮ್ಮ ಮನೆಗಳಿಗೆ ಹೊಸದಲ್ಲ. ಮದುವೆಯಲ್ಲಿ ಗಂಡನ ಹೆಸರನ್ನು ಒಡಪಿನಲ್ಲಿ ಹೇಳದೆ ಸೊಸೆಯನ್ನು ಹೊಸಿಲು ದಾಟಲು ಬಿಡದ ನಾದಿನಿಯರನ್ನು ನಾವೆಲ್ಲ ಕಂಡಿದ್ದೇವೆ. ಬೀಸುವಾಗ, ಕಳೆ ಕೀಳುವಾಗ ಒಗಟು ಹೇಳಿ ಬಿಡಿಸುವುದು ವಾಡಿಕೆಯಾಗಿತ್ತು. ನಮ್ಮ ವಚನ ಸಾಹಿತ್ಯದಲ್ಲಿಯೇ ಬೆಡಗಿನ ವಚನಗಳೆಂಬ ಒಂದು ಬಗೆಯಿದೆ. ಅಲ್ಲಮಪ್ರಭುಗಳಲ್ಲಿ ಅವು ಹೇರಳ. ಒಗಟಿನಂತಿರುವ ಅವುಗಳ ಅರ್ಥವನ್ನು ಬಿಡಿಸಲು ಹಿಂದಿನವರು ಟೀಕೆಗಳನ್ನು ಬರೆದರು. ಶೂನ್ಯಸಂಪಾದನೆಯಂತೂ ಪ್ರಭುವಿಗೂ ಶರಣರಿಗೂ ನಡೆದ ಪ್ರಶ್ನೋತ್ತರಗಳ ಭಂಡಾರ. ಕಲ್ಯಾಣಕ್ಕೆ ಬಂದ ಅಕ್ಕನನ್ನು ಪ್ರಭುಗಳು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ ಪರೀಕ್ಷಿಸಿದರು. ಕೇಳಿದ್ದು ಕಠಿಣವಾಗಿಯೇ, ಆದರೆ ಆಕೆಯ ಉತ್ತರ ಕೇಳಿದ ಮೇಲೆ ಕೈಮುಗಿದರು. ನಾವು ನಮ್ಮ ಮನೆಯ ಹುಡುಗಿಯ ಉತ್ತರವನ್ನು ಪೂರ್ತಿ ಕೇಳಲೂ ಇಲ್ಲ.

ಹೀಗಾಗಿ ಎರಡನೆಯ ವರ್ಷ ಪ್ರಶ್ನೆಗಳ ಸ್ವರೂಪವನ್ನೇ ಬದಲಿಸಿದೆವು. "ಆಯ್ದಕ್ಕಿ ಮಾರಯ್ಯನ ಹೆಂಡತಿ ಯಾರು?" ಎಂದು ಕೇಳಿದರೆ "ಲಕ್ಕಮ್ಮ" ಎಂಬ ಒಂದು ಮಾತಿಗೆ ಎಲ್ಲವೂ ಮುಗಿಯಿತು. ಅದರ ಬದಲು, "ಒಂದು ದಿನ ಮಾರಯ್ಯನು ತಂದ ಅಕ್ಕಿಯನ್ನು ಲಕ್ಕಮ್ಮ ಹಿಂದಕ್ಕೆ ಕಳಿಸಿದಳು, ಏಕೆ?" ಎಂದು ಕೇಳಿದೆವು. ಪ್ರೌಢಶಾಲೆಯ ಹುಡುಗರಿಬ್ಬರೂ ಮುಖ ಮುಖ ನೋಡಿಕೊಂಡರು. "ಕಲ್ಲು ಇದ್ದವೇನೋ" ಎಂದ ಒಬ್ಬ. "ನುಸಿ ಹಿಡಿದಿತ್ತು" ಎಂದ ಇನ್ನೊಬ್ಬ. ಗೋಡೆಗೊರಗಿದ್ದ ನಮ್ಮ ತಾಯಿಯವರು ನೆಟ್ಟಗೆ ಕುಳಿತರು. "ದಿನಾ ತರೂದಕ್ಕಿಂತ ಹೆಚ್ಚಿಗಿ ತಂದಿದ್ದನಪ್ಪಾ. ನಮಗ ಬೇಕಾದ್ದು ಇಷ್ಟ, ಉಳಿದದ್ದು ಅಲ್ಲೇ ಸುರುವಿ ಬಾ ಅಂದ್ಲು" ಎಂದು ಪ್ರಾರಂಭಿಸಿ, ಬಸವಣ್ಣನವರ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯುವ ಕಾಯಕ, ಅಷ್ಟರಲ್ಲಿಯೇ ಆ ದಂಪತಿಗಳು ಜಂಗಮರಿಗೆ ದಾಸೋಹ ಮಾಡುತ್ತಿದ್ದ ಬಗೆ ಎಲ್ಲವನ್ನೂ ಹೇಳಿದರು. ಅವರ ಬಾಯಿಂದ ಈ ಕಥೆಯನ್ನು ಕೇಳಿ ನಮಗೇ ನಲವತ್ತು ವರ್ಷಗಳಾಗಿದ್ದವು. ನಾಲ್ಕನೆಯ ತರಗತಿಯ ಮೊಮ್ಮಗಳು, "ಹೆಚ್ಚು ತಂದರೆ ಒಳ್ಳೆಯದೇ ಅಲ್ಲವೆ ಅಜ್ಜಿ?" ಎಂದು ಕೇಳಿದಳು. ಅದಕ್ಕೆ ಉತ್ತರ ಹೇಳಲು ದೊಡ್ಡವರೆಲ್ಲ ಸೇರಿ ಕಾಲು ತಾಸು ತೆಗೆದುಕೊಂಡೆವು. ಅಂದು ಇಪ್ಪತ್ತೈದರಲ್ಲಿ ಹನ್ನೊಂದೇ ಪ್ರಶ್ನೆಗಳು ಮುಗಿದವು. ಹನ್ನೊಂದು ಸಾಕು.

ಚಿಕ್ಕ ಮಕ್ಕಳಿಗೆ ಅತ್ಯಂತ ಪ್ರಿಯವಾದದ್ದು ಕಾಯಕದ ಚೀಟಿಯ ಆಟ. ಚೀಟಿಯಲ್ಲಿ ಒಬ್ಬ ಶರಣರ ಹೆಸರಿರುತ್ತದೆ. ಚೀಟಿ ಎತ್ತಿದ ಮಗು ಮಾತಾಡದೆ ಆ ಕಾಯಕವನ್ನು ಅಭಿನಯಿಸಬೇಕು, ಉಳಿದವರು ಹೆಸರು ಹೇಳಬೇಕು. ಅಂಬಿಗರ ಚೌಡಯ್ಯನಾದರೆ ಹುಟ್ಟು ಹಾಕುವುದು, ಮೋಳಿಗೆಯ ಮಾರಯ್ಯನಾದರೆ ಕಟ್ಟಿಗೆಯ ಹೊರೆ ಹೊರುವುದು, ಕದಿರ ರೆಮ್ಮವ್ವೆಯಾದರೆ ನೂಲುವುದು, ಸತ್ಯಕ್ಕನಾದರೆ ಕಸ ಗುಡಿಸುವುದು, ಮೇದಾರ ಕೇತಯ್ಯನಾದರೆ ಬುಟ್ಟಿ ಹೆಣೆಯುವುದು. ನುಲಿಯ ಚಂದಯ್ಯನ ಚೀಟಿ ಬಂದ ಹುಡುಗ ಹಗ್ಗ ಹೊಸೆಯುವುದನ್ನು ಎಂದೂ ಕಂಡವನಲ್ಲ. ಎರಡೂ ಕೈಗಳನ್ನು ಚಪಾತಿ ಲಟ್ಟಿಸಿದಂತೆ ಆಡಿಸಿದ. ಮನೆಯೆಲ್ಲ ನಕ್ಕಿತು, ಅವನೂ ನಕ್ಕ. ಅವನ ಸೋದರಮಾವ ತೆಂಗಿನ ನಾರು ತಂದು ತೊಡೆಯ ಮೇಲೆ ಹೊಸೆದು ತೋರಿಸಿದರು. ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಜಾರಿ ನೀರಿಗೆ ಬಿದ್ದರೂ ಚಂದಯ್ಯನು ಕಾಯಕ ನಿಲ್ಲಿಸಲಿಲ್ಲವೆಂಬ ಕಥೆಯನ್ನು ಅದೇ ಹೊತ್ತಿಗೆ ಹೇಳಿದರೆ ಮಗು ಮರೆಯುವುದುಂಟೆ?

ಅಂಕಿತದ ಸುತ್ತನ್ನು ನಾವು ಕೈಬಿಡಲಿಲ್ಲ. ಸುಮ್ಮನೆ ಕಂಠಪಾಠ ಒಪ್ಪಿಸುವ ಬದಲು ಅಂಕಿತದ ಹಿಂದಿನ ಸಂಬಂಧವನ್ನು ಕೇಳತೊಡಗಿದೆವು. ಮುಕ್ತಾಯಕ್ಕನ ಅಂಕಿತದಲ್ಲಿರುವ ಅಜಗಣ್ಣ ಆಕೆಗೆ ಏನಾಗಬೇಕು? ಒಡಹುಟ್ಟಿದ ಅಣ್ಣ, ಗುರುವೂ ಅವನೇ. ದೇವರ ಹೆಸರಿನ ಬದಲು ತನ್ನ ಹೆಸರನ್ನೇ ಅಂಕಿತವಾಗಿಟ್ಟುಕೊಂಡ ಧೀರ ಯಾರು? ಅಂಬಿಗರ ಚೌಡಯ್ಯ. ಲಕ್ಕಮ್ಮನ ಅಂಕಿತದಲ್ಲಿ ಅಮರೇಶ್ವರಲಿಂಗದ ಜೊತೆಗೆ ಮಾರಯ್ಯನ ಹೆಸರೂ ಏಕಿದೆ? ಗಂಡನ ಹೆಸರು ಹೇಳಲು ಒಡಪು ಬೇಕಾಗುವ ನಾಡಿನಲ್ಲಿ ಆಕೆ ಅದನ್ನು ವಚನದಲ್ಲಿಯೇ ಇಟ್ಟಳಲ್ಲ ಎಂದು ನಮ್ಮ ತಂಗಿ ಆಡಿದ ಮಾತಿಗೆ ಹೆಣ್ಣುಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು.

ಪ್ರಶ್ನೆ ಮಾಡುವವರು ಒಂದು ವಿಷಯದಲ್ಲಿ ಎಚ್ಚರದಿಂದಿರಬೇಕು. ನಮ್ಮ ಹಳೆಯ ಪ್ರಶ್ನೋತ್ತರ ಪುಸ್ತಿಕೆಯಲ್ಲಿ ಕೂಡಲಸಂಗಮ ಬಿಜಾಪುರ ಜಿಲ್ಲೆಯಲ್ಲಿದೆ. ಅದು ಅಚ್ಚಾದಾಗ ಸರಿಯೇ ಇತ್ತು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾದ ಮೇಲೆ ಸಂಗಮ ಅಲ್ಲಿಗೆ ಸೇರಿತು. 2014ರಲ್ಲಿ ಬಿಜಾಪುರವೂ ವಿಜಯಪುರವಾಯಿತು. ಕೃಷ್ಣೆ ಮಲಪ್ರಭೆಯರು ಮಾತ್ರ ಅಲ್ಲಿಯೇ ಕೂಡುತ್ತಾರೆ, ಆದ್ದರಿಂದ ನದಿಗಳನ್ನು ಕೇಳುವುದು ಲೇಸು. ಬಸವಣ್ಣನವರ ಜನ್ಮವರ್ಷವನ್ನು ಒಬ್ಬೊಬ್ಬ ವಿದ್ವಾಂಸರು ಒಂದೊಂದು ರೀತಿ ಹೇಳುತ್ತಾರೆ. ಅಂಥದನ್ನು ಪಂದ್ಯಕ್ಕೆ ತರಲೇಬಾರದು. ಹಡಪದ ಅಪ್ಪಣ್ಣನವರ ಕಾಯಕವೇನೆಂದು ಕೇಳಿ ಒಮ್ಮೆ ಮನೆಯಲ್ಲಿ ದೊಡ್ಡ ವಾದವೇ ಆಯಿತು. ಹಡಪವೆಂದರೆ ಎಲೆಯಡಿಕೆಯ ಚೀಲವೆಂದು ಅಳಿಯಂದಿರು, ಕ್ಷೌರಿಕರ ಚೀಲವೆಂದು ತಮ್ಮ. ಎರಡು ಅರ್ಥವೂ ಉಂಟು. ಇಬ್ಬರಿಗೂ ಅಂಕ ಕೊಟ್ಟು, ಬಸವಣ್ಣನವರ ಬಳಿಯಲ್ಲಿ ಸದಾ ಇದ್ದವರು ಅವರೆಂಬ ಮಾತಿನಲ್ಲಿ ಎಲ್ಲರನ್ನೂ ಒಂದುಗೂಡಿಸಿದೆವು. ಸಂಶಯ ಬಂದರೆ ನೋಡಲು ವಚನ ಸಂಪುಟವೊಂದು ಕೈಯಳತೆಯಲ್ಲಿರಬೇಕು. ಎಂ. ಎಂ. ಕಲಬುರ್ಗಿಯವರು ಪ್ರಧಾನ ಸಂಪಾದಕರಾಗಿದ್ದ, ಸರಕಾರವು 1993ರಲ್ಲಿ ಹೊರತಂದ ಸಮಗ್ರ ವಚನ ಸಂಪುಟದ ಹದಿನೈದೂ ಸಂಪುಟಗಳು ಎಲ್ಲರ ಮನೆಯಲ್ಲಿರಲಾರವು, ನಮ್ಮಲ್ಲಿಯೂ ಇಲ್ಲ. ಇದ್ದ ಎರಡರಿಂದಲೇ ಎಷ್ಟೋ ಜಗಳಗಳು ಶಾಂತವಾಗಿವೆ.

ಹನ್ನೆರಡನೆಯ ಶತಮಾನದಲ್ಲಿಯೇ ನಿಲ್ಲಬೇಕೆಂದೇನೂ ಇಲ್ಲ. "ವಚನಗಳಿಗಾಗಿ ಫ. ಗು. ಹಳಕಟ್ಟಿಯವರು ಏನನ್ನು ಮಾರಿದರು?" ಎಂಬ ಪ್ರಶ್ನೆಗೆ ಹುಡುಗರು ಹೊಲ, ಬಂಗಾರ ಎಂದೆಲ್ಲ ಹೇಳಿದರು. ಇದ್ದ ಮನೆಯನ್ನು ಮಾರಿ ಮುದ್ರಣಾಲಯ ಹಾಕಿದರೆಂದು ತಿಳಿದಾಗ, "ಹಾಗಾದರೆ ಅವರು ಎಲ್ಲಿ ಇರುತ್ತಿದ್ದರು?" ಎಂದು ಒಂದು ಕೂಸು ಕೇಳಿತು. ವಕೀಲರಾಗಿದ್ದ ಅವರು ಓಲೆಗರಿಗಳನ್ನು ಹುಡುಕುತ್ತ ಊರೂರು ತಿರುಗಿದ್ದು, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಅಚ್ಚಾದದ್ದು, 1926ರಲ್ಲಿ 'ಶಿವಾನುಭವ' ಪತ್ರಿಕೆ ಪ್ರಾರಂಭವಾದದ್ದು, ಕೊನೆಯವರೆಗೂ ಬಾಡಿಗೆ ಮನೆಯ ಬದುಕು, ಎಲ್ಲವೂ ಆ ಒಂದು ಪ್ರಶ್ನೆಯ ಹಿಂದೆ ಬಂದವು. ನೆರೆಮನೆಯ ಮಕ್ಕಳೂ ಆಟಕ್ಕೆ ಬರುತ್ತಾರಾದ್ದರಿಂದ ಶಿಶುನಾಳ ಶರೀಫರ ಗುರು ಯಾರು, ಮಲ್ಲಿಕಾರ್ಜುನ ಮನಸೂರರ ಊರು ಧಾರವಾಡದಿಂದ ಎತ್ತ ಕಡೆಗಿದೆ ಎಂಬಂಥವನ್ನೂ ಸೇರಿಸುತ್ತೇವೆ. ಕರೆದ ಮಗು ಬಾಯಿ ಮುಚ್ಚಿಕೊಂಡು ಕುಳಿತರೆ ಕರೆದದ್ದಕ್ಕೆ ಏನು ಶೋಭೆ?

ಆಟದ ವ್ಯವಸ್ಥೆ ಸರಳವಾದದ್ದು. ಮೊಬೈಲುಗಳೆಲ್ಲ ರೊಟ್ಟಿಯ ಬುಟ್ಟಿಗೆ ಹೋಗುತ್ತವೆ. ಬುಟ್ಟಿ ಅಡುಗೆಮನೆಯ ನಾಗೊಂದಿಗೆಯ ಮೇಲೆ. ಪ್ರತಿ ತಂಡದಲ್ಲಿ ಒಬ್ಬ ಹಿರಿಯರು, ಒಂದು ಮಗು, ಹೊರಗಿನಿಂದ ಬಂದವರೊಬ್ಬರು ಇರಲೇಬೇಕು. ಕೈಯೆತ್ತುವ ಪದ್ಧತಿಯಿಲ್ಲ, ತಂಡದೊಳಗೆ ಮಾತಾಡಿಕೊಂಡು ಒಬ್ಬರು ಚಂಬು ಬಾರಿಸಬೇಕು. ತಪ್ಪಿಗೆ ಅಂಕ ಕಳೆಯುವುದಿಲ್ಲ. ಉತ್ತರ ನಮ್ಮ ಹಾಳೆಯಲ್ಲಿದ್ದುದಕ್ಕಿಂತ ಬೇರೆಯಾದರೆ, "ಹೇಗೆ ಹೇಳಿದಿರಿ?" ಎಂದು ಕೇಳಿದ ಮೇಲೆಯೇ ತೀರ್ಪು. ಬಹುಮಾನವೆಂದರೆ ಶೇಂಗಾ ಹೋಳಿಗೆ, ಅದು ಸೋತವರಿಗೂ ಉಂಟು.

ಕಳೆದ ಬಾರಿ ಒಂದು ಸುತ್ತನ್ನು ಸೊಲ್ಲಾಪುರದ ಸೊಸೆಗೆ ಒಪ್ಪಿಸಿದೆವು. ಸಿದ್ಧರಾಮರ ಮೇಲೆ ಐದು ಪ್ರಶ್ನೆಗಳನ್ನು ಬರೆದು ತಂದಿದ್ದಳು. ಸಂಕ್ರಾಂತಿಯ ಜಾತ್ರೆಯಲ್ಲಿ ಎಷ್ಟು ನಂದಿಕೋಲುಗಳ ಮೆರವಣಿಗೆಯಾಗುತ್ತದೆ ಎಂದು ಕೇಳಿದಳು. ಮೂರು, ಐದು, ಒಂಬತ್ತು ಎಂದು ಬಂದವು ಉತ್ತರಗಳು. ಏಳು ಎಂದು ಯಾರೂ ಹೇಳಲಿಲ್ಲ. ಆ ಜಾತ್ರೆಯಲ್ಲಿ ನಡೆಯುವ ಮದುವೆ ಯಾರದು ಎಂದಳು. ಎಲ್ಲರೂ ಸುಮ್ಮನಾದರು. ಸಿದ್ಧರಾಮರನ್ನೇ ವರಿಸುತ್ತೇನೆಂದ ಕುಂಬಾರರ ಹುಡುಗಿ, ಅವರ ಯೋಗದಂಡದೊಡನೆ ಆದ ಆಕೆಯ ಮದುವೆ, ಇಂದಿಗೂ ಅದರ ನೆನಪಿಗಾಗಿ ಬೀಳುವ ಅಕ್ಷತೆ, ಕೆರೆಯ ನಡುವಿನ ಗುಡಿ ಎಲ್ಲವನ್ನೂ ಆಕೆ ಹೇಳುತ್ತಿದ್ದಾಗ ಚಹಾ ಮಾಡಲು ಎದ್ದವರು ಆ ಪ್ರೌಢಶಾಲೆಯ ಹುಡುಗರಿಬ್ಬರು. ಸಕ್ಕರೆ ಹೆಚ್ಚಾಗಿತ್ತು. "ಸೊನ್ನಿ ಹಾಕ್ರಿ ಇವರಿಗೆ" ಎಂದರು ನಮ್ಮ ತಾಯಿಯವರು.